ಪಿಕಪ್ ಹೌಸಿಂಗ್ ಆಯಿಲ್, ಟ್ರೇಲರ್ ಎಳೆಯುವ ಗಾಡಿಯ ದೇಖರೇಖೆ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಹತ್ತಿರ ಎರಡು ಪಿಕಪ್ ಇವೆ. ಒಂದು ಮಾಲು ಹೊರುತ್ತದೆ. ಇನ್ನೊಂದು ಎಳೆಯುತ್ತದೆ: ಕಾಂಕ್ರೀಟ್ ಮಿಕ್ಸರ್, ಗಾಲಿ ಮೇಲಿನ ಜನರೇಟರ್, ಬೇಸಿಗೆ ಬಂತೆಂದರೆ ನೀರಿನ ಟ್ಯಾಂಕ್. ಹುಬ್ಬಳ್ಳಿಯ ಗೋಕುಲ ರಸ್ತೆಯಿಂದ ಹೊರಟರೆ ಒಂದು ದಿನ ನವಲಗುಂದ, ಒಂದು ದಿನ ಗದಗ, ಮತ್ತೊಂದು ದಿನ ಶಿಗ್ಗಾಂವಿ, ಹಾವೇರಿ. ನಾನು ಮೆಕ್ಯಾನಿಕ್ ಅಲ್ಲ. ಆದರೆ ಗಾಡಿ ಕೆಳಗೆ ಮಲಗಿ ಬಟ್ಟೆ ಹೊಲಸು ಮಾಡಿಕೊಂಡಿದ್ದು ಸಾಕಷ್ಟಿದೆ, ಅದಕ್ಕೇ ಡ್ರೈವರ್ ಮಂದಿ ನನ್ನನ್ನು ಕೇಳುತ್ತಾರೆ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಒಂದು ಕಡೆ ಬರೆದಿಟ್ಟರೆ ಬಾಯಿನೋವಾದರೂ ತಪ್ಪಲಿ ಅಂತ ಇದು.

ಹೌಸಿಂಗ್, ಕ್ರೌನ್, ಡಿಫರೆನ್ಷಿಯಲ್ ಎಲ್ಲಾ ಒಂದೇನಾ?

ಗ್ಯಾರೇಜಿನಲ್ಲಿ ಮೂರನ್ನೂ ಒಂದೇ ಅರ್ಥದಲ್ಲಿ ಹೇಳುತ್ತಾರೆ, ನಡೆಯುತ್ತದೆ. ನಿಜ ಹೇಳಬೇಕೆಂದರೆ ಹೌಸಿಂಗ್ ಅಂದರೆ ಹಿಂದಿನ ಎರಡು ಗಾಲಿ ನಡುವೆ ಕೊಡದ ಹೊಟ್ಟೆಯಂತೆ ಉಬ್ಬಿಕೊಂಡಿರುವ ಆ ಕಬ್ಬಿಣದ ಚಿಪ್ಪು. ಅದರೊಳಗೆ ಪಿನಿಯನ್ ಎನ್ನುವ ಸಣ್ಣ ಹಲ್ಲಿನ ಗಾಲಿ, ಕ್ರೌನ್ ಎನ್ನುವ ದೊಡ್ಡ ಹಲ್ಲಿನ ಗಾಲಿ. ಇಂಜಿನ್ನಿಂದ ಉದ್ದಕ್ಕೆ ಬಂದ ತಿರುಗಾಟವನ್ನು ಇವೆರಡು ಸೇರಿ ಅಡ್ಡಕ್ಕೆ ತಿರುಗಿಸುತ್ತವೆ. ನಮ್ಮ ಪಿಕಪ್‌ಗಳಲ್ಲಿ ಪಿನಿಯನ್ ಸುಮಾರು ನಾಲ್ಕು ಸುತ್ತು ಸುತ್ತಿದರೆ ಗಾಲಿ ಒಂದು ಸುತ್ತು. ಅಂದರೆ ವೇಗ ಕಡಿಮೆಯಾಗಿ ಜೋರು ನಾಲ್ಕು ಪಟ್ಟಾಗುತ್ತದೆ.

ಡಿಫರೆನ್ಷಿಯಲ್ ಕೆಲಸ ಬೇರೆ. ಚನ್ನಮ್ಮ ಸರ್ಕಲ್ ಸುತ್ತುವಾಗ ಸರ್ಕಲ್ ಕಡೆಗಿರುವ ಗಾಲಿಗೆ ದಾರಿ ಕಡಿಮೆ, ಹೊರಗಿನ ಗಾಲಿಗೆ ಜಾಸ್ತಿ. ಎರಡೂ ಒಂದೇ ವೇಗದಲ್ಲಿ ತಿರುಗಿದರೆ ಟೈರು ಉಜ್ಜಿಕೊಂಡು ಹೋಗುತ್ತದೆ. ಒಂದು ನಿಧಾನ, ಒಂದು ಜೋರು ತಿರುಗಲು ಬಿಡುವ ನಾಲ್ಕು ಸಣ್ಣ ಗೇರುಗಳಿವೆ ಒಳಗೆ, ಅದೇ ಡಿಫರೆನ್ಷಿಯಲ್. ಇವೆಲ್ಲ ಮುಳುಗಿರುವುದು ಒಂದೇ ಎಣ್ಣೆಯಲ್ಲಿ. ಪಂಪ್ ಇಲ್ಲ, ಫಿಲ್ಟರ್ ಇಲ್ಲ, ಡ್ಯಾಶ್‌ಬೋರ್ಡಿನಲ್ಲಿ ಲೈಟೂ ಇಲ್ಲ. ಕ್ರೌನ್ ತಿರುಗುವಾಗ ತಾನೇ ಎಣ್ಣೆ ಎತ್ತಿ ಎಲ್ಲಾ ಕಡೆ ಚೆಲ್ಲುತ್ತದೆ, ಅಷ್ಟೇ ವ್ಯವಸ್ಥೆ.

ಎಳೆಯುವ ಗಾಡಿಗೆ ಇದರ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಕಾ?

ಹೌದು. ಇಂಜಿನ್ ಆಯಿಲ್ ಎಲ್ಲರೂ ಬದಲಿಸುತ್ತಾರೆ, ಬದಲಿಸಿ ಚೀಟಿಯನ್ನೂ ಅಂಟಿಸಿಕೊಳ್ಳುತ್ತಾರೆ. ಹೌಸಿಂಗ್ ಎಣ್ಣೆ ಅಂದರೆ, ನಮ್ಮ ಉಸ್ತಾದ್ ಹೇಳುವ ಹಾಗೆ, "ಒಳಗ ಎಣ್ಣಿ ಐತೋ ಇಲ್ಲೋ ಯಾರ್ ನೋಡ್ಯಾರ?"

ಪಿನಿಯನ್ ಇರುವುದು ಕ್ರೌನಿನ ನಡು ಗೆರೆಗಿಂತ ಸ್ವಲ್ಪ ಕೆಳಗೆ. ಹಾಗಾಗಿ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಒಂದನ್ನೊಂದು ಉಜ್ಜಿಕೊಂಡು ಜಾರುತ್ತವೆ. ಹೈಪಾಯ್ಡ್ ಗೇರ್ ಅನ್ನುತ್ತಾರೆ ಇದಕ್ಕೆ. ಶಬ್ದ ಕಡಿಮೆ, ಗಟ್ಟಿಯೂ ಹೌದು, ಆದರೆ ನಡುವೆ ಎಣ್ಣೆಯ ಪದರ ಹರಿದರೆ ಕಬ್ಬಿಣಕ್ಕೆ ಕಬ್ಬಿಣ ತಾಗುತ್ತದೆ. ಹಿಂದೆ ಒಂದು ಟ್ರೇಲರ್ ಕಟ್ಟಿ, ಏಪ್ರಿಲ್ ಬಿಸಿಲಲ್ಲಿ, ಸೆಕೆಂಡ್ ಗೇರಿನಲ್ಲಿ ಏರು ಹತ್ತಿಸುವಾಗ ಆ ಹಲ್ಲುಗಳ ಮೇಲೆ ಬೀಳುವ ಒತ್ತಡ ನೀವೇ ಲೆಕ್ಕ ಹಾಕಿ. ಎಣ್ಣೆ ಕಾಯುತ್ತದೆ, ತೆಳ್ಳಗಾಗುತ್ತದೆ, ದಿನ ಕಳೆದಂತೆ ಕಪ್ಪಾಗಿ ಸತ್ವ ಕಳೆದುಕೊಳ್ಳುತ್ತದೆ. ನೋಡುವವರಿಲ್ಲ.

ಎಷ್ಟು ಕಿಲೋಮೀಟರಿಗೆ ಬದಲಿಸಬೇಕು?

ಗಾಡಿ ಜೊತೆ ಬಂದ ಪುಸ್ತಕದಲ್ಲಿ ಏನಿದೆಯೋ ಅದೇ ಮೊದಲ ಮಾತು. ಪುಸ್ತಕ ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಕವರಿನ ಸಮೇತ ಇದ್ದೇ ಇರುತ್ತದೆ, ತೆಗೆದವರು ಕಡಿಮೆ. ಅದರಲ್ಲಿ ಮಾಮೂಲಿ ಓಡಾಟಕ್ಕೆ ಒಂದು ಲೆಕ್ಕ, ಭಾರ, ಧೂಳು, ಟ್ರೇಲರ್ ಇರುವ ಓಡಾಟಕ್ಕೆ ಬೇರೆ ಲೆಕ್ಕ ಕೊಟ್ಟಿದ್ದರೆ ನಮ್ಮದು ಎರಡನೆಯದು. ನವಲಗುಂದದ ಧೂಳಿನಲ್ಲಿ ಮಿಕ್ಸರ್ ಎಳೆಯುವುದನ್ನು ಮಾಮೂಲಿ ಓಡಾಟ ಅಂತ ಯಾರೂ ಅನ್ನಲಿಕ್ಕಿಲ್ಲ.

ನನ್ನ ಪದ್ಧತಿ ಹೇಳುತ್ತೇನೆ: ಮಾಲು ಹೊರುವ ಗಾಡಿಗೆ 40,000 ಕಿಲೋಮೀಟರ್, ಎಳೆಯುವ ಗಾಡಿಗೆ 20,000. ಹೊಸ ಗಾಡಿಯಾದರೆ ಮೊದಲನೇ ಬದಲಾವಣೆ ಬೇಗ ಆಗಲಿ, ಹೊಸ ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಪುಡಿ ಜಾಸ್ತಿ ಬೀಳುತ್ತದೆ.

ಬದಲಿಸುವುದು ಬೇರೆ, ನೋಡುವುದು ಬೇರೆ. ನೋಡುವುದಕ್ಕೆ ಒಂದು ಪಾನಾ ಸಾಕು. ನಾನು ಪ್ರತಿ ವರ್ಷ ಖಂಡೇನವಮಿ ಮುಂಚಿನ ದಿನ ನೋಡುತ್ತೇನೆ. ಹೇಗೂ ಗಾಡಿ ತೊಳೆಯುವ ದಿನ. ಮಳೆಗಾಲ ಮುಗಿದಿರುತ್ತದೆ, ಒಳಗೆ ನೀರು ಸೇರಿದ್ದರೆ ಆಗಲೇ ಗೊತ್ತಾಗುತ್ತದೆ. ಪೂಜೆಗೆ ನಿಂಬೆಹಣ್ಣು ಗಾಲಿ ಕೆಳಗೆ ಇಡುತ್ತೇವೆ, ಅಷ್ಟು ಬಗ್ಗಿದ ಮೇಲೆ ಇನ್ನೊಂದಿಷ್ಟು ಬಗ್ಗಿ ಹೌಸಿಂಗಿನ ಪ್ಲಗ್ (ಎಣ್ಣೆ ರಂಧ್ರ ಮುಚ್ಚುವ ಬೋಲ್ಟ್) ಬಿಚ್ಚಲು ಏನು ಕಷ್ಟ?

90 ಹಾಕಲೋ, 140 ಹಾಕಲೋ?

ಪುಸ್ತಕದಲ್ಲಿ ಬರೆದಿದ್ದನ್ನು ಹಾಕಿ. ಅಂಗಡಿಯವರು "90 ನಂಬರ್" ಅನ್ನುವುದು ಸಾಮಾನ್ಯವಾಗಿ 80ಡಬ್ಲ್ಯೂ-90 ಅಥವಾ 85ಡಬ್ಲ್ಯೂ-90. "140 ನಂಬರ್" ಅಂದರೆ 85ಡಬ್ಲ್ಯೂ-140, ಅದು ಇನ್ನೂ ಮಂದ. ಡಬ್ಬಿ ಮೇಲಿನ ಈ ಅಂಕಿ ಎಣ್ಣೆ ಎಷ್ಟು ಮಂದ ಅನ್ನುವುದನ್ನಷ್ಟೇ ಹೇಳುತ್ತದೆ. ಅದಕ್ಕಿಂತ ಮುಖ್ಯ ಅಂಕಿ ಇನ್ನೊಂದಿದೆ: ಜಿಎಲ್-4 ಅಥವಾ ಜಿಎಲ್-5. ಹೈಪಾಯ್ಡ್ ಹೌಸಿಂಗಿಗೆ ಬೇಕಾದದ್ದು ಜಿಎಲ್-5. ಇದರಲ್ಲಿ ಗಂಧಕ, ರಂಜಕ ಸೇರಿದ ಔಷಧಿ ಜಾಸ್ತಿ ಇರುತ್ತದೆ. ಹಲ್ಲು ಹಲ್ಲು ತಾಗುವಷ್ಟು ಒತ್ತಡ ಬಿದ್ದಾಗ ಅದು ಲೋಹದ ಮೇಲೆ ತೆಳು ಪದರ ಕಟ್ಟಿ ಕಾಪಾಡುತ್ತದೆ. ಡಬ್ಬಿ ತೆಗೆದ ಕೂಡಲೇ ಇಂಗಿನ ಹತ್ತಿರದ ಒಂದು ಕೆಟ್ಟ ವಾಸನೆ ಬರುತ್ತಲ್ಲ, ಅದು ಆ ಗಂಧಕದ್ದೇ. ಕೈಗೆ ಹತ್ತಿದರೆ ಮೂರು ಸಲ ಸಾಬೂನು ಹಚ್ಚಿದರೂ ಹೋಗದು. ಮನೆಯಲ್ಲಿ ಊಟಕ್ಕೆ ಕೂತಾಗ ಬೈಗುಳ ಗ್ಯಾರಂಟಿ.

"ಬಿಸಿಲು ಜಾಸ್ತಿ, ಲೋಡ್ ಜಾಸ್ತಿ, 140 ಹಾಕಿಬಿಡು" ಅಂತ ಸಲಹೆ ಕೊಡುವವರು ಬಹಳ. ಕಂಪನಿ ಭಾರದ ಓಡಾಟಕ್ಕೆ ಅದನ್ನೂ ಒಪ್ಪಿದ್ದರೆ ಹಾಕಿ. ಒಪ್ಪಿಲ್ಲದಿದ್ದರೆ ಸುಮ್ನೆ ಹಾಕಬೇಡಿ. ಮಂದ ಎಣ್ಣೆ ಚಳಿಗಾಲದ ಬೆಳಗ್ಗೆ ಬೇರಿಂಗಿಗೆ ತಲುಪುವುದು ತಡ, ಡೀಸೆಲ್ ಕೂಡ ಸ್ವಲ್ಪ ಜಾಸ್ತಿ ತಿನ್ನುತ್ತದೆ.

ಉಳಿದ ಎಣ್ಣೆ ಗೇರ್ ಬಾಕ್ಸಿಗೆ ಹಾಕಬಹುದಾ?

ಬೇಡ. ಬಹಳ ಗೇರ್ ಬಾಕ್ಸುಗಳು ಜಿಎಲ್-4 ಕೇಳುತ್ತವೆ. ಅವುಗಳಲ್ಲಿ ಹಿತ್ತಾಳೆಯ ರಿಂಗುಗಳಿರುತ್ತವೆ, ಜಿಎಲ್-5ರ ಔಷಧಿ ಅವನ್ನು ತಿನ್ನಬಹುದು. ಡಬ್ಬಿ ಮುಚ್ಚಳ ಬಿಗಿ ಮಾಡಿ ಇಡಿ, ಲೆವೆಲ್ ತುಂಬಲು ಬೇಕಾಗುತ್ತದೆ.

ನಾನೇ ಬದಲಿಸಬಹುದಾ? ಹೇಗೆ?

ಬದಲಿಸಬಹುದು. ಪಿಕಪ್ ಎತ್ತರ ಇರುತ್ತದೆ, ಜಾಕ್ ಇಲ್ಲದೆ ಕೆಳಗೆ ನುಸುಳಬಹುದು. ಸಮತಟ್ಟಾದ ಜಾಗ ಬೇಕು, ಇಳಿಜಾರಿನಲ್ಲಿ ನಿಲ್ಲಿಸಿದರೆ ಲೆವೆಲ್ ತಪ್ಪು ತೋರಿಸುತ್ತದೆ. ಜಾಕ್ ಹಾಕಲೇಬೇಕಾದರೆ ಸ್ಟ್ಯಾಂಡ್ ಕೊಡದೆ ಕೆಳಗೆ ಹೋಗಬೇಡಿ. ಕಲ್ಲು, ಇಟ್ಟಿಗೆ ಒಟ್ಟಿ ಅದರ ಮೇಲೆ ಗಾಡಿ ನಿಲ್ಲಿಸುವವರನ್ನು ನೋಡಿದ್ದೇನೆ, ನನಗಂತೂ ಎದೆ ಧಸಕ್ಕೆನ್ನುತ್ತದೆ.

ಮೊದಲು ಗಾಡಿಯನ್ನು ಹತ್ತು ಕಿಲೋಮೀಟರ್ ಓಡಿಸಿಕೊಂಡು ಬನ್ನಿ. ಬೆಚ್ಚಗಿದ್ದರೆ ಎಣ್ಣೆ ಪೂರ್ತಿ ಇಳಿಯುತ್ತದೆ, ತಳದಲ್ಲಿ ಕೂತ ಕೆಸರೂ ಜೊತೆಗೆ ಬರುತ್ತದೆ. ಕೈಸುಡುವಷ್ಟು ಬಿಸಿ ಇದ್ದರೆ ಒಂದು ಚಹಾ ಕುಡಿಯುವಷ್ಟು ಹೊತ್ತು ಬಿಡಿ.

ಹೌಸಿಂಗಿಗೆ ಎರಡು ಪ್ಲಗ್. ಪಕ್ಕದಲ್ಲಿ, ಹೊಟ್ಟೆಯ ಅರ್ಧಕ್ಕಿಂತ ಸ್ವಲ್ಪ ಕೆಳಗೆ ಇರುವುದು ತುಂಬುವ ಪ್ಲಗ್. ತಳದಲ್ಲಿರುವುದು ಇಳಿಸುವ ಪ್ಲಗ್. ಈಗ ಹೇಳುವುದನ್ನು ಗೋಡೆ ಮೇಲೆ ಬರೆದುಕೊಳ್ಳಿ: ತುಂಬುವ ಪ್ಲಗ್ ಮೊದಲು ಬಿಚ್ಚಿ. ಅದು ಬಿಚ್ಚಿದ ಮೇಲೇ ಕೆಳಗಿನದಕ್ಕೆ ಕೈ ಹಾಕಿ. ನಾನು ಮೊದಲ ಸಲ ಮಾಡಿದಾಗ ಹುಮ್ಮಸ್ಸಿನಲ್ಲಿ ಕೆಳಗಿನದನ್ನು ಬಿಚ್ಚಿದೆ, ಎಣ್ಣೆ ಎಲ್ಲಾ ಇಳಿಯಿತು, ಆಮೇಲೆ ಮೇಲಿನದು ತುಕ್ಕು ಹಿಡಿದು ಕದಲಲಿಲ್ಲ. ಜೋರು ಮಾಡಿದೆ, ಮೂಲೆಗಳು ಸವೆದು ದುಂಡಗಾದವು. ಭಾನುವಾರ ಬೇರೆ. ಎಣ್ಣೆ ಇಲ್ಲದ ಗಾಡಿ, ಓಡಿಸುವ ಹಾಗಿಲ್ಲ, ಸೋಮವಾರ ಬೆಳಗ್ಗೆ ಮುಂಡರಗಿಗೆ ಮಿಕ್ಸರ್ ಒಯ್ಯುವುದಾಗಿ ಮಾತು ಕೊಟ್ಟಿದ್ದೆ. ಕೊನೆಗೆ ಉಸ್ತಾದ್ ಮನೆಗೆ ಹೋಗಿ ಕಾಲು ಹಿಡಿಯುವುದೊಂದು ಬಾಕಿ. ಅವರು ಬಂದು ಪ್ಲಗ್ ಮೇಲೆ ಒಂದು ನಟ್ ಇಟ್ಟು ವೆಲ್ಡಿಂಗ್ ಹೊಡೆದು, ಆ ನಟ್ಟಿಗೆ ಪಾನಾ ಹಾಕಿ ತಿರುಗಿಸಿದರು. ಎಣ್ಣೆ ಅಂಟಿದ ಹೌಸಿಂಗ್ ಹತ್ತಿರ ವೆಲ್ಡಿಂಗ್, ನೀವು ಮಾಡಲು ಹೋಗಬೇಡಿ.

ಮೇಲಿನದು ಸಡಿಲವಾಯಿತೇ? ಸರಿ. ಕೆಳಗೆ ಅಗಲ ಬುಟ್ಟಿ ಇಟ್ಟು ಇಳಿಸುವ ಪ್ಲಗ್ ತೆಗೆಯಿರಿ. ಸುತ್ತಲಿನ ಮಣ್ಣು ಮೊದಲೇ ತಂತಿ ಬ್ರಷ್ಷಿನಿಂದ ಕೆರೆದಿರಬೇಕು, ಇಲ್ಲದಿದ್ದರೆ ಅದೇ ಒಳಗೆ ಬೀಳುತ್ತದೆ. ಹದಿನೈದು ನಿಮಿಷ ಹನಿಯಲು ಬಿಡಿ. ಪ್ಲಗ್ ಒರೆಸಿ, ವಾಷರ್ ಹೊಸದು ಹಾಕಿ, ಬಿಗಿ ಮಾಡಿ. ಆಮೇಲೆ ಪಕ್ಕದ ರಂಧ್ರದಿಂದ ತುಂಬುವುದು. ಎಣ್ಣೆ ಪಂಪ್ ಇದ್ದರೆ ಸುಲಭ. ಇಲ್ಲದಿದ್ದರೆ ಉದ್ದ ಪಾರದರ್ಶಕ ಪೈಪಿಗೆ ಒಂದು ಲಾಳಿಕೆ ಸಿಕ್ಕಿಸಿ ಬಾಡಿ ಮೇಲಿಂದ ಒಬ್ಬರು ಸುರಿಯಲಿ, ಕೆಳಗೆ ಒಬ್ಬರು ಪೈಪ್ ಹಿಡಿಯಲಿ. ನಿಧಾನ ಇಳಿಯುತ್ತದೆ, ಅವಸರ ಬೇಡ.

ಎಷ್ಟು ಲೀಟರ್ ಅಂತ ಎಲ್ಲರೂ ಕೇಳುತ್ತಾರೆ. ಗಾಡಿಯಿಂದ ಗಾಡಿಗೆ ಬೇರೆ, ಪುಸ್ತಕದಲ್ಲಿದೆ. ಅಳತೆ ಏನೇ ಇರಲಿ, ಬಹುತೇಕ ಪಿಕಪ್‌ಗಳಲ್ಲಿ ರಂಧ್ರದ ಕೆಳಗಿನ ಅಂಚಿಗೆ ಎಣ್ಣೆ ಬಂದು ಹೊರಗೆ ಹನಿಯಲು ಶುರುವಾದರೆ ಸಾಕು. ಕಿರುಬೆರಳು ಹಾಕಿ ಬಗ್ಗಿಸಿ ನೋಡಿ, ತುದಿಗೆ ಎಣ್ಣೆ ತಾಗಬೇಕು. ಜಾಸ್ತಿ ತುಂಬಿದರೆ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಜಾಸ್ತಿಯಾದದ್ದು ಕಾಯ್ದು, ನೊರೆ ಎದ್ದು, ಎಣ್ಣೆ ಸೋರದಂತೆ ತಡೆಯುವ ಸೀಲ್ ದಾಟಿ ಬರುತ್ತದೆ. ಒಂದು ರೌಂಡ್ ಓಡಿಸಿ, ನಿಲ್ಲಿಸಿ, ಮತ್ತೆ ಲೆವೆಲ್ ನೋಡಿ, ಪ್ಲಗ್ ಸುತ್ತ ಒದ್ದೆ ಇದೆಯೇ ನೋಡಿ.

ಫೋರ್ ವೀಲ್ ಗಾಡಿಯಾದರೆ ಮುಂದೆಯೂ ಒಂದು ಡಿಫರೆನ್ಷಿಯಲ್ ಇದೆ, ನಡುವೆ ಟ್ರಾನ್ಸ್‌ಫರ್ ಕೇಸೂ (ಜೋರನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಗೇರ್ ಪೆಟ್ಟಿಗೆ) ಇದೆ. ಅವನ್ನು ಮರೆಯುವವರೇ ಜಾಸ್ತಿ.

ಪ್ಲಗ್ಗಿನ ಆಯಸ್ಕಾಂತಕ್ಕೆ ಕಬ್ಬಿಣದ ಪುಡಿ ಹತ್ತಿದೆ. ಕ್ರೌನ್ ಹೋಯಿತಾ?

ಬೂದು ಬಣ್ಣದ, ಕಾಡಿಗೆಯಷ್ಟು ನುಣುಪಾದ ಪೇಸ್ಟ್ ಇದ್ದರೆ ಏನೂ ಆಗಿಲ್ಲ, ಎಲ್ಲಾ ಗಾಡಿಯಲ್ಲೂ ಇರುತ್ತದೆ. ಒರೆಸಿ ಹಾಕಿ. ಬೆರಳ ನಡುವೆ ತಿಕ್ಕಿದಾಗ ಚುಚ್ಚುವ ಚೂರುಗಳಿದ್ದರೆ, ಅಥವಾ ಹಲ್ಲಿನ ತುಂಡು ಅಂತ ಕಣ್ಣಿಗೆ ಕಾಣುವಂಥದ್ದು ಇದ್ದರೆ ಹೊಸ ಎಣ್ಣೆ ಸುರಿಯುವ ಮೊದಲು ಹೌಸಿಂಗ್ ಬಿಚ್ಚಿಸಿ. ಕ್ರೌನ್, ಪಿನಿಯನ್ ಯಾವಾಗಲೂ ಜೋಡಿಯಾಗಿಯೇ ಬದಲಾಗಬೇಕು, ಒಂದು ಹಳೇದು ಒಂದು ಹೊಸದು ಹಾಕಿದರೆ ಕೂಗು ತಪ್ಪಿದ್ದಲ್ಲ. ಹಲ್ಲಿನ ನಡುವಿನ ಸಂದು ಡಯಲ್ ಗೇಜ್ ಇಟ್ಟು ಶಿಮ್ (ತೆಳು ತಗಡಿನ ಬಿಲ್ಲೆ) ಹಾಕಿ ಸೆಟ್ ಮಾಡುವ ಕೆಲಸ ಅದು. ಕೈಯಲ್ಲಿ ಅಲ್ಲಾಡಿಸಿ "ಬರೋಬ್ಬರಿ ಐತಿ" ಅನ್ನುವವರ ಹತ್ತಿರ ಕೊಡಬೇಡಿ.

ಬೆಣ್ಣೆಹಳ್ಳ ದಾಟಿಸಿಕೊಂಡು ಬಂದೆ. ಏನಾದರೂ ಮಾಡಬೇಕಾ?

ನೀರು ಹೌಸಿಂಗ್ ಮುಳುಗುವಷ್ಟು ಇತ್ತಾ? ಇದ್ದರೆ ಅದೇ ವಾರ ಪ್ಲಗ್ ಬಿಚ್ಚಿ ನೋಡಿ.

ಮೊದಲಿಗೆ, ಹಳ್ಳ ಬಂದಾಗ ದಾಟಿಸುವ ಕೆಲಸ ಮಾಡಲೇಬೇಡಿ. ನವಲಗುಂದ ಕಡೆ ಬೆಣ್ಣೆಹಳ್ಳ ಬಂತೆಂದರೆ ಊರು, ಹೊಲ, ರಸ್ತೆ ನೋಡುವುದಿಲ್ಲ. ಟ್ರೇಲರ್ ಕಟ್ಟಿದ ಗಾಡಿಯನ್ನು ನೀರು ಪಕ್ಕಕ್ಕೆ ತಳ್ಳಲು ಬಹಳ ಆಳವೂ ಬೇಕಿಲ್ಲ.

ಇಳಿದ ನೀರಿನಲ್ಲಿ ದಾಟಿಸಿದ್ದರೂ ಲೆಕ್ಕ ಹೀಗಿದೆ: ಓಡಿ ಬಂದ ಹೌಸಿಂಗ್ ಬಿಸಿಯಾಗಿರುತ್ತದೆ, ಒಳಗಿನ ಗಾಳಿಯೂ ಬಿಸಿ. ತಣ್ಣೀರಿಗೆ ಇಳಿದ ಕೂಡಲೇ ಗಾಳಿ ಕುಗ್ಗಿ ಹೊರಗಿನಿಂದ ಎಳೆದುಕೊಳ್ಳುತ್ತದೆ. ಬ್ರೀದರ್, ಅಂದರೆ ಹೌಸಿಂಗ್ ಉಸಿರಾಡುವ ರಂಧ್ರ, ನೀರಿನಲ್ಲಿದ್ದರೆ ನೀರನ್ನೇ ಎಳೆದುಕೊಳ್ಳುತ್ತದೆ, ಸವೆದ ಸೀಲ್ ಇದ್ದರೆ ಅಲ್ಲಿಂದಲೂ. ಒಮ್ಮೆ ನನ್ನ ಗಾಡಿಯಿಂದ ಇಳಿದ ಎಣ್ಣೆ ಥೇಟ್ ಅಂಬಲಿಯಂತಿತ್ತು. ಅಂಥ ಎಣ್ಣೆಯನ್ನು "ಓಡಿದರ ಆರತದ" ಅಂತ ಬಿಟ್ಟರೆ ಬೇರಿಂಗ್ ತುಕ್ಕು ಹಿಡಿಯುತ್ತದೆ. ನಾನು ಇಳಿಸಿ, ಹೊಸದು ತುಂಬಿ, ಐನೂರು ಕಿಲೋಮೀಟರ್ ಓಡಿಸಿ, ಅದನ್ನೂ ಇಳಿಸಿ ಇನ್ನೊಮ್ಮೆ ತುಂಬಿದೆ. ಎರಡು ಸಲದ ಎಣ್ಣೆ ಖರ್ಚು ಅಂತ ಹೊಟ್ಟೆ ಉರಿಯಿತು ನಿಜ. ಆದರೂ ಎರಡನೇ ಸಲ ಇಳಿದದ್ದೂ ಸ್ವಲ್ಪ ಮಬ್ಬಾಗಿಯೇ ಇತ್ತು.

ಬ್ರೀದರ್ ಎಲ್ಲಿರುತ್ತದೆ?

ಹೌಸಿಂಗ್ ನೆತ್ತಿ ಮೇಲೆ, ಸಣ್ಣ ಟೊಪ್ಪಿಗೆ ಹಾಕಿದ ಹಾಗೆ. ಎಣ್ಣೆ ಕಾಯ್ದಾಗ ಒಳಗಿನ ಗಾಳಿ ಹೊರಬರಲು ಅದೊಂದೇ ದಾರಿ. ನಮ್ಮ ಕಡೆಯ ಎರೆಮಣ್ಣು ಒಣಗಿದರೆ ಕಲ್ಲು, ಅದು ಬ್ರೀದರ್ ಮೇಲೆ ಕೂತಿತೆಂದರೆ ದಾರಿ ಬಂದ್. ಆಗ ಗಾಳಿ ಸೀಲ್ ತಳ್ಳಿಕೊಂಡು ಬರುತ್ತದೆ, ಜೊತೆಗೆ ಎಣ್ಣೆ. ಸೀಲ್ ಬದಲಿಸುತ್ತಾರೆ, ತಿಂಗಳಿಗೆ ಮತ್ತೆ ಸೋರುತ್ತದೆ, ಸೀಲ್ ಡುಪ್ಲಿಕೇಟ್ ಅಂತ ಅಂಗಡಿಯವರ ಜೊತೆ ಜಗಳ. ಟೊಪ್ಪಿಗೆ ತಿರುಗುತ್ತದೋ ಇಲ್ಲವೋ ಬೆರಳಲ್ಲಿ ನೋಡಿದ್ದರೆ ಮುಗಿಯುತ್ತಿತ್ತು.

ಎರೆಹೊಲದಲ್ಲಿ ಗಾಡಿ ಹೂತಿತು, ಒಂದೇ ಗಾಲಿ ತಿರುಗುತ್ತದೆ. ಎಕ್ಸಲೇಟರ್ ಒತ್ತಿ ತೆಗೆಯಲಾ?

ಒತ್ತಬೇಡಿ. ಡಿಫರೆನ್ಷಿಯಲ್ ಗುಣವೇ ಅದು, ಹಿಡಿತ ಇಲ್ಲದ ಗಾಲಿ ತಿರುಗುತ್ತದೆ, ಹಿಡಿತ ಇರುವ ಗಾಲಿಗೂ ಅಷ್ಟೇ ಕಡಿಮೆ ಜೋರು ಸಿಗುತ್ತದೆ. ಮೀಟರಿನಲ್ಲಿ 40 ತೋರಿಸುತ್ತಿದೆ ಅಂದರೆ ಒಂದು ಗಾಲಿ ನಿಂತಿದೆ, ಇನ್ನೊಂದು 80ರ ವೇಗದಲ್ಲಿ ಸುತ್ತುತ್ತಿದೆ. ತಿರುವಿನಲ್ಲಿ ನಿಧಾನ ಸುತ್ತಲು ಮಾಡಿದ ಆ ಸಣ್ಣ ಗೇರುಗಳು ಹುಚ್ಚು ಹಿಡಿದ ಹಾಗೆ ಸುತ್ತಿ, ಎಣ್ಣೆ ಸಾಲದೆ ತಮ್ಮ ಪಿನ್ನಿಗೇ ಕಚ್ಚಿಕೊಳ್ಳುತ್ತವೆ. ಕೆಸರಿನಿಂದ ಹೊರಬರುವ ಹೊತ್ತಿಗೆ ಗಾಲಿಗೆ ಥಟ್ಟನೆ ಹಿಡಿತ ಸಿಕ್ಕಿತೆಂದರೆ ಗಾಲಿ ತಿರುಗಿಸುವ ಆಕ್ಸಲ್ ಶಾಫ್ಟ್ ಮುರಿದರೂ ಮುರಿಯಿತು.

ಟ್ರೇಲರ್ ಕೊಂಡಿ ಬಿಚ್ಚಿ. ಗಾಲಿ ಮುಂದೆ ಕಂಟಿ, ಗೋಣಿಚೀಲ, ಹತ್ತಿ ಕಟ್ಟಿಗೆ ಏನು ಸಿಗುತ್ತದೋ ಹಾಕಿ. ಹಗುರವಾಗಿ ಸೆಕೆಂಡ್ ಗೇರಿನಲ್ಲಿ ಎತ್ತಿ. ಬರದಿದ್ದರೆ ಪಕ್ಕದ ಹೊಲದ ಟ್ರ್ಯಾಕ್ಟರ್ ಕರೆಯಿರಿ, ಅದರಲ್ಲಿ ಮರ್ಯಾದೆ ಹೋಗುವಂಥದ್ದೇನಿಲ್ಲ.

ಹಿಂದಿನಿಂದ ಸೌಂಡ್ ಬರುತ್ತಿದೆ. ಏನಿರಬಹುದು?

ಯಾವ ಸೌಂಡ್, ಯಾವಾಗ ಅನ್ನುವುದೇ ಪೂರ್ತಿ ಉತ್ತರ. ಎಕ್ಸಲೇಟರ್ ಒತ್ತಿದಾಗ "ಕೊಂಯ್" ಅಂತ ಅಳುತ್ತದೆ, ಬಿಟ್ಟಾಗ ದನಿ ಬದಲಾಗುತ್ತದೆ ಅಂದರೆ ಕ್ರೌನ್ ಪಿನಿಯನ್ ಕಡೆ ಅನುಮಾನ. ಒತ್ತಿದರೂ ಬಿಟ್ಟರೂ ಒಂದೇ ಸಮ ಗುರುಗುಟ್ಟಿದರೆ ಬೇರಿಂಗ್. ತಿರುವಿನಲ್ಲಿ ಮಾತ್ರ ಕಟಕಟ ಅಂದರೆ ಒಳಗಿನ ಸಣ್ಣ ಗೇರುಗಳು, ಇಲ್ಲವೇ ಗಾಲಿ ಬೇರಿಂಗ್. ಗಾಡಿ ನಿಂತಲ್ಲಿಂದ ಎತ್ತುವಾಗ, ಗೇರ್ ಬದಲಿಸುವಾಗ "ಟಕ್" ಅಂದರೆ ಹೌಸಿಂಗ್ ಬಿಚ್ಚುವ ಮೊದಲು ಜಾಯಿಂಟ್ ಶಾಫ್ಟಿನ (ಗೇರ್ ಬಾಕ್ಸಿನಿಂದ ಹೌಸಿಂಗಿಗೆ ಬರುವ ಉದ್ದ ರಾಡ್) ತುದಿಯ ಕೀಲು, ಅಂದರೆ ಕ್ರಾಸ್ ನೋಡಿ. ಕಡಿಮೆ ಖರ್ಚಿನದನ್ನು ಮೊದಲು ನೋಡಬೇಕು ಅಲ್ವಾ? ಎಳೆಯುವ ಗಾಡಿಯಲ್ಲಿ ಕ್ರಾಸ್ ಬೇಗ ಸವೆಯುತ್ತದೆ. ಗ್ರೀಸ್ ನಿಪ್ಪಲ್ ಇದ್ದರೆ ಗ್ರೀಸ್ ಹೊಡೆಸುತ್ತಿರಿ.

ಟೈರ್ ಸೌಂಡನ್ನು ಕ್ರೌನ್ ಅಂದುಕೊಂಡು ಮೋಸ ಹೋದವರೂ ಇದ್ದಾರೆ. ನುಣುಪು ಡಾಂಬರಿನ ಮೇಲೆ ಹೋದಾಗ ದನಿ ಬದಲಾದರೆ ಅದು ಟೈರ್.

ಗಾಲಿ ಒಳಗಡೆ ಎಣ್ಣೆ ಒಸರುತ್ತಿದೆ, ಓಡಿಸಬಹುದಾ?

ಬೇಡ. ಆಕ್ಸಲ್ ಸೀಲ್ ದಾಟಿ ಬಂದ ಎಣ್ಣೆ ಬ್ರೇಕ್ ಲೈನರಿಗೆ ಹತ್ತಿದರೆ ಆ ಗಾಲಿ ಹಿಡಿಯುವುದಿಲ್ಲ. ಹಿಂದೆ ಒಂದೂವರೆ ಟನ್ ತಳ್ಳುತ್ತಿರುವಾಗ ಒಂದು ಕಡೆ ಬ್ರೇಕ್ ಇಲ್ಲದ ಗಾಡಿ ಎಂಥದ್ದು ಅಂತ ಪರೀಕ್ಷೆ ಮಾಡಲು ಹೋಗಬೇಡಿ. ಎಣ್ಣೆ ಕುಡಿದ ಲೈನರ್ ಪೆಟ್ರೋಲಿನಲ್ಲಿ ತೊಳೆದು ಹಾಕುವುದೂ ಬೇಡ, ಹೊಸದು ಹಾಕಿ. ಮುಂದೆ ಪಿನಿಯನ್ ಬಾಯಲ್ಲಿ ಸ್ವಲ್ಪ ಒದ್ದೆ ಇದ್ದರೆ ಅಷ್ಟು ಗಾಬರಿ ಬೇಡ, ಲೆವೆಲ್ ನೋಡುತ್ತಾ ಬಿಡುವಾದಾಗ ಮಾಡಿಸಿ.

ಟ್ರೇಲರ್ ಎಷ್ಟು ಭಾರ ಎಳೆಯಬಹುದು? ಲೋಡ್ ಹೇಗೆ ಹಾಕಬೇಕು?

ಪುಸ್ತಕದಲ್ಲಿ ಟ್ರೇಲರ್ ತೂಕ ಬರೆದಿದ್ದರೆ ಅಷ್ಟು. ಏನೂ ಬರೆದಿಲ್ಲ ಅಂದರೆ "ಎಷ್ಟು ಬೇಕಾದರೂ" ಅಂತ ಅರ್ಥವಲ್ಲ. ಕಂಪನಿಯವರನ್ನು ಕೇಳದೆ ಕೊಂಡಿ ವೆಲ್ಡಿಂಗ್ ಮಾಡಿಸಬೇಡಿ. ಬಾಡಿಯಲ್ಲಿ ಫುಲ್ ಲೋಡ್, ಹಿಂದೆ ಟ್ರೇಲರಿನಲ್ಲೂ ಫುಲ್ ಲೋಡ್ ಹಾಕುವ ದುರಾಸೆ ಇದೆಯಲ್ಲ, ಕ್ರೌನ್ ತಿನ್ನುವುದು ಅದೇ.

ಎರಡು ಗಾಲಿಯ ಟ್ರೇಲರಿನಲ್ಲಿ ಭಾರ ಸ್ವಲ್ಪ ಮುಂದಕ್ಕೆ ಇರಬೇಕು. ಒಟ್ಟು ತೂಕದ ಹತ್ತರಲ್ಲಿ ಒಂದು ಪಾಲು ಕೊಂಡಿ ಮೇಲೆ ಕೂರುವ ಹಾಗೆ ನೋಡಿಕೊಳ್ಳಿ. ಹಿಂದಕ್ಕೆ ಹಾಕಿದರೆ ಅದು ಪಿಕಪ್ಪಿನ ಹಿಂಭಾಗವನ್ನು ಮೇಲೆತ್ತುತ್ತದೆ, ವೇಗ ಹೆಚ್ಚಿದ ಹಾಗೆ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ. ಹೆದ್ದಾರಿಯಲ್ಲಿ ಪಕ್ಕದಿಂದ ಬಸ್ಸು ರಪ್ ಅಂತ ದಾಟಿದಾಗ ಆ ಅಲ್ಲಾಟ ಹತೋಟಿ ತಪ್ಪುತ್ತದೆ. ಹಾಗಾದರೆ ಜೋರಾಗಿ ಬ್ರೇಕ್ ಒತ್ತಬೇಡಿ, ಸ್ಟೇರಿಂಗ್ ಆ ಕಡೆ ಈ ಕಡೆ ತಿರುವಬೇಡಿ. ನೇರ ಹಿಡಿದು ಎಕ್ಸಲೇಟರ್ ಬಿಡಿ. ನೀರಿನ ಟ್ಯಾಂಕ್ ಪೂರ್ತಿ ತುಂಬಿರಲಿ ಇಲ್ಲವೇ ಪೂರ್ತಿ ಖಾಲಿ ಇರಲಿ, ಅರ್ಧ ಟ್ಯಾಂಕ್ ನೀರು ಓಲಾಡಿ ಗಾಡಿಯನ್ನೂ ಓಲಾಡಿಸುತ್ತದೆ.

ಕೊಂಡಿ ಪಿನ್ನಿಗೆ ಲಾಕ್ ಕ್ಲಿಪ್ ಇರಲೇಬೇಕು, ಜೊತೆಗೆ ಒಂದು ಸರಪಳಿ. ಪಿನ್ ಬದಲು ರಾಡಿನ ತುಂಡು ಬಗ್ಗಿಸಿ ಹಾಕಿಕೊಂಡು ಗಬ್ಬೂರು ಬೈಪಾಸಿನಲ್ಲಿ ಓಡಾಡುವ ಮಿಕ್ಸರ್‌ಗಳನ್ನು ಕಂಡರೆ ನಾನು ಹಿಂದೆ ಹೋಗುವುದೇ ಇಲ್ಲ.

ಅರಬೈಲ್ ಘಾಟ್ ಇಳಿಸಬೇಕು, ಏನು ನೋಡಿಕೊಳ್ಳಬೇಕು?

ಹುಬ್ಬಳ್ಳಿಯಿಂದ ಯಲ್ಲಾಪುರ ದಾಟಿ ಅಂಕೋಲಾ ಕಡೆ ಇಳಿಯುವಾಗ ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ನ್ಯೂಟ್ರಲ್ ಹಾಕಿ ಡೀಸೆಲ್ ಉಳಿಸುವ ಆಸೆ ಬೇಡ. ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಡ್ರಮ್ ಕಾಯ್ದು ಲೈನರ್ ಹಿಡಿತ ಬಿಡುತ್ತದೆ. ಬ್ರೇಕ್ ಫ್ಲೂಯಿಡ್ ಗಾಳಿಯಲ್ಲಿನ ತೇವ ಹೀರುತ್ತದೆ, ಹಳೇದಾದರೆ ಬಿಸಿಗೆ ಬೇಗ ಕುದಿಯುತ್ತದೆ, ಪೆಡಲ್ ಒಳಗೆ ಹೋಗಿಬಿಡುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಬೇರೆ ಏನೇನು ನೋಡುತ್ತಿರಬೇಕು?

ಹಿಂದಿನ ಎರಡೂ ಟೈರ್ ಒಂದೇ ಸೈಜು, ಒಂದೇ ಸವೆತ. ಒಂದು ಹೊಸದು ಒಂದು ಬೋಳು ಹಾಕಿದರೆ ಗಾಲಿಯ ಸುತ್ತಳತೆ ಬೇರೆಯಾಗಿ, ನೇರ ರಸ್ತೆಯಲ್ಲೂ ಡಿಫರೆನ್ಷಿಯಲ್ ದಿನವಿಡೀ ದುಡಿಯುತ್ತದೆ. ಸ್ಟೆಪ್ನಿ ಹಾಕಿಕೊಂಡು ತಿಂಗಳುಗಟ್ಟಲೆ ಓಡಿಸುವವರು ಇದನ್ನು ಎರಡು ಸಲ ಓದಿ. ಕಮಾನು ಪಾಟಾದಲ್ಲಿ (ಲೀಫ್ ಸ್ಪ್ರಿಂಗ್) ಬಿರುಕು, ಅದನ್ನು ಹೌಸಿಂಗಿಗೆ ಬಿಗಿದಿರುವ ಯು ಬೋಲ್ಟ್ ಸಡಿಲ ಇದೆಯೇ ನೋಡಿ, ಸೆಂಟರ್ ಬೋಲ್ಟ್ ತುಂಡಾದರೆ ಇಡೀ ಹೌಸಿಂಗ್ ಹಿಂದೆ ಮುಂದೆ ಸರಿಯುತ್ತದೆ. ಟ್ರೇಲರ್ ಗಾಲಿಯ ಬೇರಿಂಗ್ ಗ್ರೀಸ್ ವರ್ಷಕ್ಕೊಮ್ಮೆ. ಅರ್ಧ ಕ್ಲಚ್ಚಿನಲ್ಲಿ ಏರಿನ ಮೇಲೆ ಗಾಡಿ ನಿಲ್ಲಿಸಿಕೊಳ್ಳುವ ಚಟ ಇದ್ದರೆ ಬಿಡಿ. ಕೂಲೆಂಟ್ ಬದಲು ನಲ್ಲಿ ನೀರು ಬೇಡ.

ಆರ್‌ಟಿಓ ಏನಂತಾರೆ?

ಟ್ರೇಲರಿಗೂ ಬೇರೆ ನೋಂದಣಿ ಬೇಕು, ಹಿಂದೆ ಲೈಟ್, ರಿಫ್ಲೆಕ್ಟರ್ ಬೇಕು. ಓವರ್‌ಲೋಡಿಗೆ 2019ರ ತಿದ್ದುಪಡಿ ಆದಮೇಲೆ ಕಾಯ್ದೆಯಲ್ಲಿ ದಂಡ 20,000 ರೂಪಾಯಿ, ಮೇಲಿಂದ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಹೆಚ್ಚಿನ ಮಾಲು ಅಲ್ಲೇ ಇಳಿಸುವ ಖರ್ಚೂ ನಿಮ್ಮದೇ. ಬ್ಯಾಡಗಿ ಮೆಣಸಿನಕಾಯಿ ಸೀಸನ್ನಿನಲ್ಲಿ ಚೀಲದ ಮೇಲೆ ಚೀಲ ಒಟ್ಟಿಕೊಂಡು ಹೋಗುವವರಿಗೆ ಹೇಳುತ್ತಿದ್ದೇನೆ, ಹಗುರ ಮಾಲು ಅನ್ನಿಸುತ್ತದೆ, ಕಾಟಾ ಮೇಲೆ ಹತ್ತಿಸಿದಾಗ ಗೊತ್ತಾಗುತ್ತದೆ.

ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಳ್ತಾ ಇದೀನಿ. ಹೌಸಿಂಗ್ ಹೇಗೆ ನೋಡಲಿ?

ತುಂಬುವ ಪ್ಲಗ್ ಬಿಚ್ಚಿಸಿ ಬೆರಳು ಹಾಕಿ. ಮಾರುವವರು ಬೇಡ ಅಂದರೆ ಚಹಾ ಕುಡಿದು ವಾಪಸ್ ಬನ್ನಿ. ಕೂಗುವ ಕ್ರೌನ್ ಮುಚ್ಚಿಡಲು ಅತಿ ಮಂದ ಎಣ್ಣೆ ತುಂಬುವುದು ಹಳೇ ಆಟ. ಮರದ ಹೊಟ್ಟು ಹಾಕುತ್ತಿದ್ದ ಕಾಲವೂ ಇತ್ತಂತೆ. ಎಣ್ಣೆ ಬೆಲ್ಲದ ಪಾಕದ ಹಾಗೆ ಎಳೆ ಎಳೆಯಾಗಿ ಬಂದರೆ ಅನುಮಾನ ಪಡಿ. ಅರ್ಧ ಗಂಟೆ ಓಡಿಸಿ ಎಣ್ಣೆ ಕಾಯ್ದ ಮೇಲೆ ಇನ್ನೊಮ್ಮೆ ಕೇಳಿಸಿಕೊಳ್ಳಿ. ಗಾಡಿ ಟ್ರೇಲರ್ ಎಳೆದಿದೆಯೇ ಅಂತ ಬಾಯಿಮಾತಿನಲ್ಲಿ ಕೇಳುವ ಬದಲು ಚಾಸಿಯ ಹಿಂದಿನ ಅಡ್ಡಪಟ್ಟಿ ನೋಡಿ, ಕೊಂಡಿ ಕಿತ್ತ ವೆಲ್ಡಿಂಗ್ ಗುರುತು ಬಣ್ಣದ ಕೆಳಗೂ ಕಾಣುತ್ತದೆ.

ಕ್ರೌನ್ ಒಡೆದು ರಸ್ತೆಯಲ್ಲಿ ನಿಂತಿದೆ. ಹಗ್ಗ ಕಟ್ಟಿ ಎಳೆದುಕೊಂಡು ಹೋಗಲಾ?

ಹಿಂದಿನ ಗಾಲಿ ನೆಲದ ಮೇಲಿಟ್ಟು ಎಳೆಯಬೇಡಿ. ಗಾಲಿ ತಿರುಗಿದರೆ ಒಳಗಿನ ತುಂಡುಗಳೂ ತಿರುಗುತ್ತವೆ, ಮಧ್ಯದಲ್ಲಿ ಸಿಕ್ಕಿಕೊಂಡರೆ ಗಾಲಿ ಜಾಮ್. ಹಿಂಭಾಗ ಎತ್ತಿಕೊಂಡು ಹೋಗುವ ಕ್ರೇನ್ ಕರೆಸಿ. ಬೇರೆ ಕಾರಣಕ್ಕೆ ಕೆಟ್ಟಿದ್ದರೆ ಹತ್ತಿರದ ಗ್ಯಾರೇಜಿಗೆ ಎಳೆಯಬಹುದು. ಇಂಜಿನ್ ಬಂದ್ ಇದ್ದಾಗ ಬ್ರೇಕೂ ಗಟ್ಟಿ, ಪವರ್ ಸ್ಟೇರಿಂಗ್ ಇದ್ದರೆ ಅದೂ ಗಟ್ಟಿ, ಹಿಂದಿನ ಗಾಡಿಯಲ್ಲಿ ತಿಳಿದವರೇ ಕೂರಬೇಕು. ಹಗ್ಗಕ್ಕಿಂತ ರಾಡ್ ಒಳ್ಳೆಯದು.

ಇಳಿಸಿದ ಹಳೇ ಎಣ್ಣೆ ಏನು ಮಾಡಲಿ?

ಗಟಾರಕ್ಕೆ ಬೇಡ, ಬೋರ್‌ವೆಲ್ ಪಕ್ಕದ ಮಣ್ಣಿಗಂತೂ ಬೇಡವೇ ಬೇಡ. ಹಳೇ ಡಬ್ಬಿಗೇ ತುಂಬಿ ಗ್ಯಾರೇಜಿನ ಡ್ರಮ್ಮಿಗೆ ಕೊಡಿ, ಹಳೇ ಎಣ್ಣೆ ಕೊಳ್ಳುವವರು ಅಲ್ಲಿಗೆ ಬರುತ್ತಾರೆ. ಊರಿಂದ ಯಾರಾದರೂ "ಬಾಗಿಲಿಗೆ ಗೆದ್ದಲು ಹತ್ಯಾವ, ಒಂದಿಷ್ಟು ಕೊಡ್ರಿ" ಅಂತ ಕೇಳುತ್ತಾರೆ. ನಾನೂ ಒಮ್ಮೆ ಕೊಟ್ಟಿದ್ದೆ. ಗೆದ್ದಲು ಹೋಯಿತೋ ಇಲ್ಲವೋ, ಆ ಇಂಗಿನ ವಾಸನೆ ಮನೆ ತುಂಬಿ ಅವರು ಬಾಗಿಲೇ ಬದಲಿಸಬೇಕಾಯಿತು ಅಂತ ಈಗಲೂ ಬೈಯುತ್ತಾರೆ.